ಎರಡರಿಂದ ಒಂಬತ್ತು

ಸಂತೆಹೊಂಡದ ಹಿಂದೆ ಇಪ್ಪತ್ತಾರು ವರ್ಷ
ತಲೆ ಕಾಲು ಸುಟ್ಟವಳು ನಾನು.
ಕೂದಲು ಸುಟ್ಟ ವಾಸನೆ ಸೀರೆಯದೋ, ಮೈಯದೋ
ಎಂದು ಬಸ್ಸಿನಲ್ಲಿ ಪಕ್ಕ ಕೂತವರು ಯೋಚಿಸುತ್ತಾರೆ.
ನಾನು ಯೋಚಿಸುವುದು ಬಿಟ್ಟು ಕಾಲವಾಯಿತು.

ಹೋಟೆಲಿನವರ ಸಂಘದ ಹುಡುಗ ಬಂದು
"ಬೋರಕ್ಕ, ಕೆಂಡದ ಮಾಂಸದ ಸ್ಪರ್ಧೆ ಇದೆ,
ತೀರ್ಪು ಹೇಳೋಕೆ ನೀನೂ ಬೇಕು" ಎಂದಾಗ
ಕುರಿಯ ಕಾಲೊಂದು ಕೈಯಲ್ಲೇ ಇತ್ತು.
ಗೊರಸು ಕಳಚಿ ಬೂದಿಗೆ ಎಸೆದು ಕೇಳಿದೆ:
"ಊಟ ಕೊಡ್ತೀರೋ, ಕೂಲಿ ಕೊಡ್ತೀರೋ?"
"ಎರಡೂ ಇಲ್ಲ. ಕೊರಳಿಗೊಂದು ಪಟ್ಟಿ ಹಾಕ್ತೀವಿ."

ಒಂದು ದಿನದ ತರಬೇತಿ, ಛತ್ರದ ಮೇಲಿನ ಮಹಡಿ.
ಔಷಧಿ ಅಂಗಡಿಯವರು, ಕಾಲೇಜಿನ ಮೇಷ್ಟರು,
ಮೊಟ್ಟೆ ಬಿಟ್ಟು ಬೇರೇನೂ ಮುಟ್ಟದ ಒಬ್ಬ ವಕೀಲ,
ಆಮೇಲೆ ನಾನು, ಬಾಗಿಲ ಹತ್ತಿರದ ಕುರ್ಚಿಯಲ್ಲಿ.
ಮಂಗಳೂರಿನ ಲೋಬೋ ಸಾರ್ ಹೇಳಿಕೊಟ್ಟರು:
ಮೊದಲು ಕಣ್ಣು, ಆಮೇಲೆ ಹಲ್ಲು, ನಾಲಿಗೆ ಕೊನೆಗೆ.
ಪಕ್ಕದ ಡಬ್ಬಿಗೆ ಹೋಲಿಸಬಾರದು.
ಪಕ್ಕದವರ ಮುಖ ನೋಡಬಾರದು.
ಮಧ್ಯೆ ಮಧ್ಯೆ ಉಪ್ಪಿಲ್ಲದ ಬಿಸ್ಕತ್ತು, ಒಂದು ಗುಟುಕು ನೀರು.
ಬೆರಳು ನೆಕ್ಕಬಾರದು.
ಇದನ್ನು ಎರಡು ಸಲ ಹೇಳಿದರು, ನನ್ನ ಕಡೆ ನೋಡದೆ.

ಎರಡು ಅಂದರೆ ಬಾಯಿಗಿಡಲಾಗದ್ದು.
ಆರು, ಪರವಾಗಿಲ್ಲ.
ಒಂಬತ್ತು ಅಂದರೆ ಮಾತಿಲ್ಲ.
ಒಂದು, ಮೋಸ ಮಾಡಿದವರಿಗೆ ಮೀಸಲು.
"ಹತ್ತು ಯಾಕಿಲ್ಲ ಸಾರ್?" ಎಂದೆ.
ಚೀಟಿ ತಿರುಗಿಸಿ ತೋರಿಸಿದರು:
"ಹತ್ತಕ್ಕೆ ಇದರಲ್ಲಿ ಮನೆ ಇಲ್ಲಮ್ಮ."

ಬಲಗೈ ಎತ್ತಿ ಪ್ರಮಾಣ ಮಾಡಿದೆವು,
ತಿಂದದ್ದನ್ನೇ ಬರೆಯುತ್ತೇವೆ ಎಂದು.
ವಕೀಲರ ದನಿ ಎಲ್ಲರಿಗಿಂತ ಜೋರಿತ್ತು.

ಭಾನುವಾರ, ಶಾಲೆ ಮೈದಾನ.
ಜೋಗಿಮಟ್ಟಿ ಕಡೆಯ ಗಾಳಿ ಶಾಮಿಯಾನವನ್ನು ಎತ್ತಿ ಎತ್ತಿ ಇಳಿಸುತ್ತಿತ್ತು,
ಹೊಗೆ ಯಾರ ಮಾತೂ ಕೇಳದೆ ನಮ್ಮ ಮೇಜಿಗೇ ಬಂತು.
ಮುಚ್ಚಿದ ಬಿಳಿ ಡಬ್ಬಿಗಳು, ಮೇಲೆ ನಂಬರು ಮಾತ್ರ.
ಮೂರು: ಬಣ್ಣದ ಪುಡಿ, ಕೆಂಪು ನನ್ನ ಉಗುರಿಗೂ ಹತ್ತಿತು.
ಎಂಟು: ಸೀಮೆಎಣ್ಣೆ ಹಾಕಿ ಬೆಂಕಿ ಹೊತ್ತಿಸಿದ್ದಾರೆ, ನಾಲಿಗೆಗೆ ಗೊತ್ತಾಗುತ್ತೆ.
ಹನ್ನೊಂದು ಚೆನ್ನಾಗಿತ್ತು. ಯಾರದೋ ಹೊಸ ಕೈ.

ಹದಿನೇಳರ ಮುಚ್ಚಳ ತೆಗೆದರೆ
ಅಪ್ಪ ಕೂತಿದ್ದ.

ಕೆಂಡ ಇಳಿಯುವ ಹೊತ್ತಿಗೆ
ಒಂದು ಹಿಡಿ ಕೊಬ್ಬರಿ ಚಿಪ್ಪು ಎಸೆಯುತ್ತಿದ್ದನಲ್ಲ, ಆ ಹೊಗೆ.
ಈ ಊರಲ್ಲಿ ಅದು ಇಬ್ಬರಿಗೆ ಗೊತ್ತು.
ಒಬ್ಬಳು ಪಟ್ಟಿ ಹಾಕಿಕೊಂಡು ಇಲ್ಲಿ ಕೂತಿದ್ದಾಳೆ.
ಇನ್ನೊಬ್ಬ ನಮ್ಮ ಪಾಲಣ್ಣ,
ಅಪ್ಪನ ಹಾಸುಗಲ್ಲು ಯಾರಿಗೆ ಎಂದು ಜಗಳವಾಗಿ
ಏಳು ವರ್ಷ ನನ್ನ ಜೊತೆ ಮಾತಿಲ್ಲದವನು.
ಕಲ್ಲು ಅವನೇ ಇಟ್ಟುಕೊಂಡ.
ಹೊಳಲ್ಕೆರೆ ರಸ್ತೆಯಲ್ಲಿ ಕಬಾಬಿನ ಗಾಡಿಯ ಚಕ್ರಕ್ಕೆ
ಅಡ್ಡ ಇಟ್ಟಿದ್ದಾನಂತೆ.

ಒಂದು ಬರೆಯಬಹುದಿತ್ತು.
ಪೆನ್ನು ಅಲ್ಲಿಗೆ ಹೋಗಿಯೂ ಹೋಯಿತು,
ಸುಳ್ಳು ಯಾಕೆ ಹೇಳಲಿ.

ಬಿಸ್ಕತ್ತು ತಿಂದೆ. ನೀರು ಕುಡಿದೆ.
ಮತ್ತೆ ಕಚ್ಚಿದೆ.
ನೋಟಕ್ಕೆ ಏಳು. ರುಚಿಗೆ ಒಂಬತ್ತು,
ಬರೆಯುವಾಗ ಕೈ ನಡುಗಿ ಅದು ಸೊನ್ನೆಯಂತೆ ಕಂಡಿತು,
ಬಾಲ ಎಳೆದು ಸರಿ ಮಾಡಿದೆ.
ಮೆದುವಿಗೆ ಐದು.
ಎಲುಬಿನ ಹತ್ತಿರ ಇನ್ನೂ ಎಳೆಯುತ್ತಿದೆ ಮಾಂಸ.
ಚಿಕ್ಕಂದಿನಿಂದಲೂ ಅವನು ಹಾಗೇ,
ಹಾಲು ಉಕ್ಕುವ ಮೊದಲೇ ಇಳಿಸುವವನು.

ಕೆಳಗೆ, ಅಡುಗೆಯವರಿಗೆ ಏನಾದರೂ ಹೇಳುವುದಿದ್ದರೆ
ಹೆಸರು ಹಾಕದೆ ಬರೆಯಿರಿ ಎಂದಿತ್ತು.
ರಾತ್ರಿ ಶಾಲೆಯಲ್ಲಿ ಕಲಿತ ದಪ್ಪ ಅಕ್ಷರದಲ್ಲಿ ಬರೆದೆ:
"ಇನ್ನೊಂದು ಹತ್ತು ನಿಮಿಷ ಬಿಡಬೇಕಿತ್ತು."
ಅಪ್ಪ ದಿನಾ ಅನ್ನುತ್ತಿದ್ದದ್ದು.
ಅವನಿಗೆ ಗೊತ್ತಾದರೆ ಆಗಲಿ,
ಆಗದಿದ್ದರೆ ಮಾಂಸವಾದರೂ ಬೇಯಲಿ.

ಹದಿನೇಳಕ್ಕೆ ಬಹುಮಾನ ಬರಲಿಲ್ಲ. ಹನ್ನೊಂದಕ್ಕೆ ಬಂತು.
ಲೋಬೋ ಸಾರ್ ಕೈ ಒರೆಸಿಕೊಳ್ಳಲು ಕಾಗದ ಕೊಟ್ಟರು.
ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದೆ.
ಬಲಗೈ ಸೆರಗಿನೊಳಗೆ ಮುಚ್ಚಿಕೊಂಡು
ಎಡಗೈಯಲ್ಲಿ ನಮಸ್ಕಾರದಂಥದ್ದೇನೋ ಮಾಡಿ
ಆಟೋ ಹತ್ತಿದೆ.

ಗಾಂಧಿ ಸರ್ಕಲ್ ದಾಟಿದ ಮೇಲೆ
ಹುಡುಗ ಕನ್ನಡಿಯಲ್ಲಿ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು
ಒಂದೊಂದೇ ಬೆರಳು,
ಹೆಬ್ಬೆರಳು ಕೊನೆಗೆ.